ಸುಮ್ಮನಿರುವ ಹಕ್ಕು ಯಾರದು?

ಬೆಂಗಳೂರಿನ ಗೊಟ್ಟಿಗೆರೆ ಸುತ್ತಮುತ್ತ ಯಾವ ಶಾಲೆಯ ಪೋಷಕರ ಸಭೆಗೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ‘ಓದೋದ್ರಲ್ಲಿ ಏನೂ ತೊಂದ್ರೆ ಇಲ್ಲ ಮೇಡಂ, ಆದ್ರೆ ತುಂಬಾ ಸೈಲೆಂಟು. ಸ್ವಲ್ಪ ಎಲ್ಲರ ಜೊತೆ ಬೆರೆಯೋದು ಕಲಿಸಿ.’ ತಾಯಿ ತಲೆಯಾಡಿಸುತ್ತಾರೆ. ಮನೆ ಸೇರುವ ಹೊತ್ತಿಗೆ ಡ್ರಾಯಿಂಗ್ ಕ್ಲಾಸ್ ಬಿಡಿಸಿ ಪಬ್ಲಿಕ್ ಸ್ಪೀಕಿಂಗ್ ಕ್ಲಾಸಿಗೆ ಸೇರಿಸುವ ಲೆಕ್ಕಾಚಾರ ಮುಗಿದಿರುತ್ತದೆ. ಅದೇ ಮನೆಯ ಅಜ್ಜಿಗೆ ಇದೊಂದು ದೂರು ಅಂತಲೇ ತೋಚುವುದಿಲ್ಲ. ‘ಮಗು ತನ್ನ ಪಾಡಿಗೆ ತಾನಿರುತ್ತೆ, ಅದಕ್ಕಿಂತ ಇನ್ನೇನು ಬೇಕಮ್ಮ?’ ಇನ್ನು ಆ ಮಗುವಿನ ಚಿಕ್ಕಮ್ಮ, ಐಟಿ ಕಂಪನಿಯಲ್ಲಿರುವವಳು, ಇನ್‌ಸ್ಟಾಗ್ರಾಮಿನಲ್ಲಿ ತನ್ನ ಹೆಸರಿನ ಕೆಳಗೆ ‘ಇಂಟ್ರೋವರ್ಟ್’ ಎಂದು ಬಿರುದಿನಂತೆ ಹಾಕಿಕೊಂಡಿದ್ದಾಳೆ.

ಟೀಚರಿಗೆ ಅದು ಕೊರತೆ, ಅಜ್ಜಿಗೆ ಒಳ್ಳೆಯ ಗುಣ, ಚಿಕ್ಕಮ್ಮನಿಗೆ ಗುರುತು. ಒಂದು ಶತಮಾನದ ವಾದವೆಲ್ಲ ಒಂದೇ ಮನೆಯ ಹಾಲಿನಲ್ಲಿ ಕೂತಿದೆ. ಬಿಡಿಸಿ ನೋಡಿದರೆ ಇಲ್ಲಿ ಒಂದಕ್ಕೊಂದು ತಳುಕು ಹಾಕಿಕೊಂಡ ಪ್ರಶ್ನೆಗಳಿವೆ: ಕೆಲವರು ಹುಟ್ಟಿನಿಂದಲೇ ಅಂತರ್ಮುಖಿಗಳೇ? ಸಮಾಜ ಅವರಿಗೆ ಬೆಲೆ ಕೊಡುತ್ತದೆಯೇ? ಯಾರೇ ಆಗಲಿ, ಸ್ವಲ್ಪ ಹೊತ್ತು ಒಬ್ಬರೇ ಇರಬೇಕೆಂದರೆ ಅದಕ್ಕೆ ಜಾಗ, ಬಿಡುವು ಎಲ್ಲಿದೆ? ಮೊದಲನೆಯದಕ್ಕೆ ಮನಶ್ಶಾಸ್ತ್ರ ಮುಕ್ಕಾಲು ಪಾಲು ಉತ್ತರ ಕೊಟ್ಟಾಗಿದೆ. ಎರಡನೆಯದರ ಬಗ್ಗೆ ಪುಸ್ತಕಗಳಿಗೆ ಬರವಿಲ್ಲ. ಮೂರನೆಯದನ್ನು ಕೇಳುವವರು ಕಡಿಮೆ. ನಮ್ಮ ಕಡೆಗಂತೂ ಅದೇ ಮುಖ್ಯ ಪ್ರಶ್ನೆ ಎಂಬುದು ಈ ಲೇಖಕನ ಅಭಿಪ್ರಾಯ.

ಕಾಡಿಗೆ ಹೋದವರು, ಮಂಟಪಕ್ಕೆ ಬಂದವರು

ಕನ್ನಡ ನಾಡಿನ ಅತಿ ದೊಡ್ಡ ಒಂಟಿ ಮನುಷ್ಯ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿದ್ದಾನೆ. ಸುಮಾರು ಕ್ರಿ.ಶ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಆ 57 ಅಡಿಯ ಬಾಹುಬಲಿಯ ತೋಳು ತೊಡೆಗಳಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹುತ್ತವಿದೆ. ಒಂದು ವರ್ಷ ಅಲುಗದೆ ನಿಂತದ್ದರ ಗುರುತು ಅದು. ಆದರೆ ಜೈನ ಪುರಾಣದ ಕತೆಯಲ್ಲಿ ಒಂದು ಸೂಕ್ಷ್ಮವಿದೆ. ಅಷ್ಟು ದಿನದ ಏಕಾಂತವೂ ಅವನಿಗೆ ತಾನಾಗಿ ಕೇವಲಜ್ಞಾನ ಕೊಡಲಿಲ್ಲ. ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆಂಬ ಮನಸ್ಸಿನ ಮುಳ್ಳು ಹೋಗುವ ತನಕ ಕಾಯಬೇಕಾಯಿತು. ಕ್ರಿ.ಶ. 941ರ ‘ಆದಿಪುರಾಣ’ದಲ್ಲಿ ಪಂಪ ಈ ಅಣ್ಣತಮ್ಮಂದಿರ ಕತೆಯನ್ನು ಕನ್ನಡಕ್ಕೆ ತಂದ. ಜನರಿಂದ ದೂರ ಹೋದ ಮಾತ್ರಕ್ಕೆ ಜನ ಮನಸ್ಸಿನಿಂದ ಹೋಗುವುದಿಲ್ಲ ಎಂಬುದು ನಮ್ಮವರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು.

ಶೈವರಲ್ಲಿಯೂ ಒಬ್ಬ ಏಕಾಂತಪ್ರಿಯನಿದ್ದ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನದಲ್ಲಿ ಏಕಾಂತದ ರಾಮಯ್ಯನ ಕತೆಯಿದೆ. ಒಬ್ಬನೇ ಕೂತು ಶಿವಪೂಜೆ ಮಾಡುತ್ತಿದ್ದವನಿಗೆ ಆ ಹೆಸರು ಅಂಟಿತು. ವಿಚಿತ್ರವೆಂದರೆ ಅವನು ಹೆಸರಾದದ್ದು ಊರ ಮುಂದೆ ಜೈನರೊಡನೆ ಪಂಥ ಕಟ್ಟಿ, ತಲೆ ಕತ್ತರಿಸಿಕೊಂಡು ಮತ್ತೆ ಪಡೆದ ಪವಾಡಕ್ಕೆ. ಇಷ್ಟು ಜಗಳಗಂಟ ಏಕಾಂತವಾಸಿ ಬೇರೆ ಕಡೆ ಸಿಗಲಾರ.

ಶರಣರದು ಇದಕ್ಕೆ ಎದುರು ದಿಕ್ಕು. ಕಾಯಕ, ದಾಸೋಹ, ಕೂಡಿ ಮಾತಾಡುವ ಅನುಭವ ಮಂಟಪ ಎಲ್ಲವೂ ಬೆರೆಯುವ ದಾರಿಗಳೇ. ಊರೂರು ಅಲೆಯುತ್ತಿದ್ದ ಅಲ್ಲಮನನ್ನೇ ಆ ಕೂಟದ ಹಿರಿಯ ಪೀಠದಲ್ಲಿ ಕೂರಿಸಿದರು. ಆದರೂ ಅಕ್ಕಮಹಾದೇವಿಗೆ ಕಲ್ಯಾಣದ ಕೂಟ ಕೊನೆಯ ನಿಲ್ದಾಣವಾಗಲಿಲ್ಲ. ಅಲ್ಲಿ ವಾದಿಸಿ, ಗೆದ್ದು, ಆಮೇಲೆ ಶ್ರೀಶೈಲದ ಕದಳಿಗೆ ಹೊರಟುಹೋದಳು. ಭಗವದ್ಗೀತೆಯ 13ನೇ ಅಧ್ಯಾಯವಂತೂ ಜನಜಂಗುಳಿಯಲ್ಲಿ ಆಸಕ್ತಿಯಿಲ್ಲದಿರುವುದನ್ನು ಜ್ಞಾನದ ಲಕ್ಷಣಗಳಲ್ಲೇ ಸೇರಿಸಿದೆ.

ಇಷ್ಟನ್ನು ಓದಿದರೆ ನಮ್ಮದು ಮೌನಿಗಳ ನಾಡು ಅನಿಸಬಹುದು. ಷರತ್ತನ್ನು ಮರೆಯಬಾರದು. ಏಕಾಂತಕ್ಕೆ ಗೌರವ ಸಿಕ್ಕಿದ್ದು ಮನೆ ಬಿಟ್ಟವರಿಗೆ. ಸಂಸಾರಸ್ಥರಿಗೆ ‘ನಾಲ್ಕು ಜನ’ವೇ ಕಾನೂನು. ಅವರ ಏಕಾಂತವನ್ನು ವಾನಪ್ರಸ್ಥದ ವಯಸ್ಸಿಗೆ ಮುಂದೂಡಲಾಗಿತ್ತು. ಗಾದೆಗಳೂ ಎರಡು ದೋಣಿಯಲ್ಲಿ ಕಾಲಿಟ್ಟಿವೆ: ಮಾತು ಬೆಳ್ಳಿ ಮೌನ ಬಂಗಾರ ಎಂದವರೇ ಬಾಯಿದ್ದವ ಬರದಲ್ಲೂ ಬದುಕಿದ ಎಂದೂ ಹೇಳಿದರು. ಮಾತಾಡದ ಹುಡುಗಿಯನ್ನು ಮೌನಗೌರಿ ಎಂದು ಮೆಚ್ಚಿ, ಮಾತಾಡದ ಹುಡುಗನನ್ನು ಗುಮ್ಮನಗುಸುಕ ಎಂದು ಅನುಮಾನಿಸುವುದು ಇಂದಿಗೂ ಇದೆ.

ಹೊಸಗನ್ನಡದಲ್ಲಿ ಲೇಖಕನಿಗೂ ಈ ರಿಯಾಯಿತಿ ಸಿಕ್ಕಿತು. ಕುಪ್ಪಳಿಯ ಕವಿಶೈಲದ ಬಂಡೆಯ ಮೇಲೆ ಕೂತ ಕುವೆಂಪು, ಮೈಸೂರು ಬಿಟ್ಟು ಮೂಡಿಗೆರೆಯ ತೋಟ ಸೇರಿ ಮನೆಗೆ ‘ನಿರುತ್ತರ’ ಎಂದು ಹೆಸರಿಟ್ಟ ಪೂರ್ಣಚಂದ್ರ ತೇಜಸ್ವಿ — ಬರೆಯುವವನು ಒಂಟಿಯಾಗಿರಬೇಕೆಂಬ ಚಿತ್ರವನ್ನು ನಮ್ಮಲ್ಲಿ ಊರಿದವರು ಈ ತಂದೆಮಗ. ಆದರೆ 1922ರಲ್ಲಿ ಧಾರವಾಡದಲ್ಲಿ ಶುರುವಾದ ಗೆಳೆಯರ ಗುಂಪನ್ನು ನೋಡಿ. ಬೇಂದ್ರೆಯವರ ಕಾವ್ಯ ಬೆಳೆದದ್ದು ಹಾಡಿ, ಹರಟಿ, ಜಗಳಾಡಿ. ಎರಡೂ ಕಡೆಯಿಂದ ಜ್ಞಾನಪೀಠ ಬಂದಿದೆ. ಪ್ರತಿಭೆಗೆ ಮೌನವೇ ಬೇಕು ಎನ್ನುವವರು ಇಲ್ಲಿ ಸ್ವಲ್ಪ ತಡವರಿಸಬೇಕಾಗುತ್ತದೆ.

ಯೂಂಗ್ ಮೈಸೂರಿಗೆ ಬಂದಾಗ

ಅಂತರ್ಮುಖಿ, ಬಹಿರ್ಮುಖಿ ಎಂಬ ಜೋಡಿಯನ್ನು ಜಗತ್ತಿನಲ್ಲಿ ಚಲಾವಣೆಗೆ ತಂದವರು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್. 1921ರ ಅವರ ಗ್ರಂಥದ ಪ್ರಕಾರ ಮನಸ್ಸಿನ ಶಕ್ತಿ ಕೆಲವರಲ್ಲಿ ಹೊರಗಿನ ಜನ, ವಸ್ತುಗಳ ಕಡೆ ಹರಿಯುತ್ತದೆ. ಕೆಲವರಲ್ಲಿ ಒಳಗೆ ತಿರುಗುತ್ತದೆ. ಪೂರ್ತಿ ಇತ್ತ, ಪೂರ್ತಿ ಅತ್ತ ಇರುವವರು ಯಾರೂ ಇಲ್ಲವೆಂದೂ ಅವರು ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಮಾತ್ರ ಎಲ್ಲರೂ ಮರೆತರು.

1937ರ ಕೊನೆಗೆ ಭಾರತ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬಕ್ಕೆಂದು ಬಂದ ಯೂಂಗ್, ಆ ಪ್ರವಾಸದಲ್ಲಿ ಮೈಸೂರು ಮಹಾರಾಜರ ಅತಿಥಿಯಾಗಿಯೂ ಕೆಲಕಾಲ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ದೀರ್ಘ ಚರ್ಚೆ ನಡೆಯಿತು. ಊರಿಗೆ ಮರಳಿದ ಮೇಲೆ ಅವರು ಬರೆದ ಮಾತಿನ ಸಾರ, ಪೂರ್ವದೇಶಗಳ ಮನಸ್ಸು ಅಂತರ್ಮುಖಿ, ಪಶ್ಚಿಮದ್ದು ಬಹಿರ್ಮುಖಿ ಎಂಬುದು. ಅರಮನೆಯಲ್ಲಿ ಕೂತು ವೇದಾಂತ ಮಾತಾಡಿದವರಿಗೆ ಹಾಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಸುಗ್ಗಿಯ ಜಾತ್ರೆಗೋ, ಐನೂರು ಜನರ ಮದುವೆ ಊಟದ ಮೂರನೇ ಪಂಕ್ತಿಗೋ ಕರೆದೊಯ್ದಿದ್ದರೆ ಬೇರೆ ಬರೆಯುತ್ತಿದ್ದರೇನೋ.

ಆ ಹೊತ್ತಿಗೆ ಮೈಸೂರಿನಲ್ಲಿ ಮನಶ್ಶಾಸ್ತ್ರ ಹೊಸದೇನಲ್ಲ. ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಅದರ ವಿಭಾಗ ಶುರುವಾಗಿತ್ತು. ದೇಶದ ಮೊದಮೊದಲ ವಿಭಾಗಗಳಲ್ಲಿ ಅದೊಂದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೊ ಬಿತ್ತರಿಸತೊಡಗಿದ್ದು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು. ಮನಸ್ಸಿನ ಒಳಗನ್ನು ಓದುತ್ತಿದ್ದವರೇ ಪ್ರತಿ ಮನೆಯೊಳಕ್ಕೂ ಹೊರಗಿನ ದನಿ ತಂದರು ಎಂಬ ತಮಾಷೆಯನ್ನು ಬಿಡಲಾಗದು. ಮುಂದೆ ವೈದ್ಯ, ‘ಕೊರವಂಜಿ’ಯ ಸಂಪಾದಕ ಎಂ. ಶಿವರಾಂ (ರಾಶಿ) ‘ಮನಮಂಥನ’ ಬರೆದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಸಾಲುಸಾಲು ಪುಸ್ತಕಗಳಲ್ಲಿ ಈ ವಿಷಯಗಳನ್ನು ಸರಳ ಕನ್ನಡಕ್ಕೆ ಇಳಿಸಿದರು. ನಿವೃತ್ತಿಯ ನಂತರ ಗೊಟ್ಟಿಗೆರೆಗೆ ಹತ್ತಿರದ ಅರಕೆರೆಯಲ್ಲಿ ‘ಸಮಾಧಾನ’ ಆಪ್ತಸಲಹಾ ಕೇಂದ್ರ ನಡೆಸಿದವರೂ, 2024ರಲ್ಲಿ ಪದ್ಮಶ್ರೀ ಪಡೆದವರೂ ಇವರೇ.

ಯೂಂಗ್ ವಿಚಾರದಿಂದ ಹುಟ್ಟಿದ ಅತಿ ಜನಪ್ರಿಯ ಕೂಸು ಮೈಯರ್ಸ್-ಬ್ರಿಗ್ಸ್ ಪರೀಕ್ಷೆ. ಬೆಂಗಳೂರಿನ ಕಂಪನಿಗಳ ತರಬೇತಿ ಶಿಬಿರಗಳಲ್ಲಿ ನಾಲ್ಕು ಅಕ್ಷರದ ಚೀಟಿ ಹಚ್ಚುವುದು ಇದೇ. ಸಂಶೋಧಕರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಸ್ವಭಾವ ಉದ್ದನೆಯ ಅಳತೆಪಟ್ಟಿಯಂತೆ ಹರಡಿಕೊಂಡಿರುವಾಗ ಈ ಪರೀಕ್ಷೆ ಅದನ್ನು ನಡುವೆ ಕತ್ತರಿಸಿ ಎರಡು ಜಾತಿ ಮಾಡುತ್ತದೆ. ನಡುವಿನವರು ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಜಾತಿಯೇ ಬದಲಾಗುತ್ತದೆ.

ಹುಟ್ಟುಗುಣ ಎನ್ನುವವರು

ಎರಡನೆಯ ದೊಡ್ಡ ಪಂಥ ಶರೀರವನ್ನು ನೋಡುತ್ತದೆ. ಲಂಡನ್ನಿನ ಹ್ಯಾನ್ಸ್ ಐಸೆಂಕ್ 1967ರಲ್ಲಿ ಮುಂದಿಟ್ಟ ವಾದ ಹೀಗೆ: ಅಂತರ್ಮುಖಿಯ ಮೆದುಳು ಸುಮ್ಮನಿದ್ದಾಗಲೂ ಹೆಚ್ಚು ಎಚ್ಚರದಲ್ಲಿರುತ್ತದೆ. ಆದ್ದರಿಂದ ಗದ್ದಲ, ಬೆಳಕು, ಹೊಸ ಮುಖಗಳು ಬೇಗ ಅತಿಯಾಗುತ್ತವೆ. ಬಹಿರ್ಮುಖಿಯದು ಮಂದ, ಅದನ್ನು ಎಬ್ಬಿಸಲು ಅವನು ಸಂತೆಗೇ ಹೋಗಬೇಕು. ನಾಲಿಗೆಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ಬಾಯಲ್ಲಿ ಎಷ್ಟು ನೀರೂರಿತು ಎಂದು ಹತ್ತಿಯಿಂದ ತೂಗಿದ ಪ್ರಯೋಗ ಆ ಕಾಲದಲ್ಲಿ ಹೆಸರುವಾಸಿ. ಅಂತರ್ಮುಖಿಗಳಿಗೆ ಹೆಚ್ಚು ಊರಿತು. ಮುಂದಿನ ಪ್ರಯೋಗಗಳಲ್ಲಿ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕೂಡಿಬರಲಿಲ್ಲ. (ವ್ಯಕ್ತಿತ್ವಕ್ಕೂ ಕ್ಯಾನ್ಸರಿಗೂ ನಂಟು ಕಟ್ಟಿದ ಐಸೆಂಕರ 26 ಪ್ರಬಂಧಗಳನ್ನು 2019ರಲ್ಲಿ ಅವರದೇ ಸಂಸ್ಥೆಯ ತನಿಖೆ ನಂಬಲರ್ಹವಲ್ಲ ಎಂದಿತು. ಇದು ಬೇರೆ ವಿಷಯ, ಆದರೂ ಗೊತ್ತಿರಲಿ.)

ಜಯನಗರದವರಿಗೆ ರುಚಿಸುವ ಇನ್ನೊಂದು ಪ್ರಯೋಗ 1980ರದು, ವಿಲಿಯಂ ರೆವೆಲ್ ಮತ್ತು ಸಂಗಡಿಗರದು. ಬೆಳಿಗ್ಗೆ ಕೆಫೀನ್ ಕೊಟ್ಟು ಪರೀಕ್ಷೆ ಬರೆಸಿದರೆ ಮುನ್ನುಗ್ಗುವ ಸ್ವಭಾವದವರ ಅಂಕ ಏರಿತು, ಹಿಂಜರಿಯುವವರದು ಇಳಿಯಿತು. ಸಂಜೆ ಕೊಟ್ಟರೆ ಲೆಕ್ಕ ತಲೆಕೆಳಗು. ಎಲ್ಲರಿಗೂ ಒಂದೇ ಸ್ಟ್ರಾಂಗ್ ಕಾಫಿ ಹಿಡಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಹಾರ್ವರ್ಡಿನ ಜೆರೋಮ್ ಕೇಗನ್ ಇನ್ನೂ ಹಿಂದಕ್ಕೆ ಹೋದರು. ನಾಲ್ಕು ತಿಂಗಳ ಕೂಸುಗಳ ಮುಂದೆ ಬಣ್ಣದ ಆಟಿಕೆ ತೂಗಿ, ಅಪರಿಚಿತ ದನಿ ಕೇಳಿಸಿ, ಮೂಗಿನ ಬಳಿ ಸ್ಪಿರಿಟ್ ಹತ್ತಿ ಹಿಡಿದರು. ಸುಮಾರು ಐದಕ್ಕೊಂದು ಕೂಸು ಕೈಕಾಲು ಬಡಿದು ಅತ್ತಿತು. ಮುಂದೆ ಹೊಸಬರ ಎದುರು ಹಿಂಜರಿಯುವ ಮಕ್ಕಳಾದವರಲ್ಲಿ ಇವರ ಪಾಲೇ ಹೆಚ್ಚು. ಅವಳಿಗಳ ಅಧ್ಯಯನಗಳೂ ಈ ಗುಣದ ಸರಿಸುಮಾರು ಅರ್ಧ ವ್ಯತ್ಯಾಸ ವಂಶವಾಹಿಯದು ಎನ್ನುತ್ತವೆ. ಇತ್ತೀಚಿನವರು ಎಚ್ಚರಕ್ಕಿಂತ ಆಸೆಗೆ ಒತ್ತು ಕೊಡುತ್ತಾರೆ: ಬಹಿರ್ಮುಖಿಗೆ ಜನರಿಂದ ಸಿಗುವ ಖುಷಿಯ ಸೆಳೆತ ದೊಡ್ಡದು. 2000ದಲ್ಲಿ ರಿಚರ್ಡ್ ಲೂಕಸ್ ತಂಡ 39 ದೇಶಗಳ ಮಾಹಿತಿಯಿಂದ ಇದನ್ನು ವಾದಿಸಿತು.

ಒಂದೇ ಮನೆಯಲ್ಲಿ ಒಂದೇ ಅನ್ನ ತಿಂದ ಅಕ್ಕತಂಗಿ ಯಾಕೆ ಉತ್ತರ-ದಕ್ಷಿಣ ಎಂಬುದಕ್ಕೆ ಈ ಪಂಥದಷ್ಟು ಚೆನ್ನಾಗಿ ಬೇರೆ ಯಾರೂ ಉತ್ತರಿಸುವುದಿಲ್ಲ. ಕ್ಲಾಸಿನಲ್ಲಿ ಬಾಯಿ ಬಿಡದ ಮಗು ಬೇಸಿಗೆ ರಜೆಯಲ್ಲಿ ಅಜ್ಜಿಮನೆಯ ಹಿಂಡಿನಲ್ಲಿ ಕಿರುಚಿ ಕುಪ್ಪಳಿಸುವುದು ಯಾಕೆ ಎಂದರೆ ಮಾತ್ರ ಉತ್ತರ ಮಂಕಾಗುತ್ತದೆ. ಅಮೆರಿಕದ ವಿಲಿಯಂ ಫ್ಲೀಸನ್ 2000ದ ನಂತರ ತೋರಿಸಿದ್ದು ಇದನ್ನೇ. ಒಬ್ಬನೇ ಮನುಷ್ಯ ಒಂದು ವಾರದೊಳಗೆ ಎರಡೂ ತುದಿಗೆ ಹೋಗಿಬರುತ್ತಾನೆ. ಸ್ವಭಾವ ಎನ್ನುವುದು ಆ ಓಡಾಟದ ಸರಾಸರಿ.

ಕಾಲಗುಣ ಎನ್ನುವವರು

ಮೂರನೆಯವರಿಗೆ ಮೆದುಳಿಗಿಂತ ಮಾರುಕಟ್ಟೆ ಮುಖ್ಯ. 20ನೇ ಶತಮಾನದ ಆರಂಭದಲ್ಲಿ ಅಮೆರಿಕ ಗುಣನಡತೆಯ ಸಂಸ್ಕೃತಿಯಿಂದ ವ್ಯಕ್ತಿತ್ವದ ಸಂಸ್ಕೃತಿಗೆ ಹೊರಳಿತು ಎಂದವರು ಇತಿಹಾಸಕಾರ ವಾರನ್ ಸಸ್‌ಮನ್. ಊರು ಬಿಟ್ಟು ನಗರಕ್ಕೆ ಬಂದವನ ಪೂರ್ವಾಪರ ಯಾರಿಗೂ ಗೊತ್ತಿರುವುದಿಲ್ಲ. ಮೊದಲ ಭೇಟಿಯಲ್ಲೇ ತನ್ನನ್ನು ಮಾರಿಕೊಳ್ಳಬೇಕು. 2012ರಲ್ಲಿ ಸೂಸನ್ ಕೇನ್ ತಮ್ಮ ‘ಕ್ವೈಟ್’ ಪುಸ್ತಕದಲ್ಲಿ ಈ ವಾದವನ್ನು ಐಸೆಂಕ್, ಕೇಗನ್ ಪ್ರಯೋಗಗಳಿಗೆ ಹೊಲಿದು ಮೌನಿಗಳ ಪರವಾಗಿ ವಕಾಲತ್ತು ವಹಿಸಿದರು. ಈಗಿನ ಇಂಟ್ರೋವರ್ಟ್ ಹೆಮ್ಮೆಯ ಮೂಲ ಬಹುಮಟ್ಟಿಗೆ ಅಲ್ಲಿದೆ.

ಇದಕ್ಕೆ ಗಟ್ಟಿ ಸಾಕ್ಷಿ ಬಂದದ್ದು ಚೀನಾದಿಂದ. ಕ್ಸಿನ್‌ಯಿನ್ ಚೆನ್ ಮತ್ತು ಜೊತೆಗಾರರು 1990, 1998, 2002ರಲ್ಲಿ ಶಾಂಘೈನ ಶಾಲಾ ಮಕ್ಕಳನ್ನು ಅಳೆದು ನೋಡಿದರು. 1990ರಲ್ಲಿ ಸಂಕೋಚದ ಮಕ್ಕಳು ಗೆಳೆಯರಿಗೂ ಟೀಚರಿಗೂ ಮೆಚ್ಚಿನವರು. 2002ರ ಹೊತ್ತಿಗೆ ಅದೇ ಸಂಕೋಚದವರನ್ನು ಗೆಳೆಯರು ದೂರ ಇಡುತ್ತಿದ್ದರು. ಮಕ್ಕಳ ಮೆದುಳು ಹನ್ನೆರಡು ವರ್ಷದಲ್ಲಿ ಬದಲಾಗಿರಲು ಸಾಧ್ಯವಿಲ್ಲ, ಬದಲಾದದ್ದು ಶಾಂಘೈ.

ಬೆಂಗಳೂರಿಗೆ ಅಂಥ ಅಳತೆ ಇಲ್ಲದಿದ್ದರೂ ಕತೆಯ ಆಕಾರ ಪರಿಚಿತ. ಐಟಿಐ, ಎಚ್‌ಎಂಟಿ, ಬಿಇಎಲ್ ಕಾಲದಲ್ಲಿ ಪರೀಕ್ಷೆಯ ಅಂಕ, ಕೈಕಸುಬು, ಸೈರನ್ನಿಗೆ ಸರಿಯಾಗಿ ಗೇಟು ದಾಟುವ ಶಿಸ್ತು ಇದ್ದರೆ ಬಾಯಿ ಬಾರದವನೂ ಮರ್ಯಾದೆಯಿಂದ ನಿವೃತ್ತನಾಗುತ್ತಿದ್ದ. ಈಗ ಗ್ರೂಪ್ ಡಿಸ್ಕಷನ್ ದಾಟದೆ ಕ್ಯಾಂಪಸ್ಸಿನಿಂದ ಆಚೆ ಬರುವಂತಿಲ್ಲ. ಅಪ್ರೈಸಲ್ ಸಮಯದಲ್ಲಿ ‘ವಿಸಿಬಿಲಿಟಿ ಸಾಲದು’ ಎಂಬ ಷರಾ ಬರುತ್ತದೆ. ಮೌನಿಗಳು ಕೆಲಸಕ್ಕೆ ಬಾರದವರೆಂದು ಇದರರ್ಥವಲ್ಲ. ಆಡಂ ಗ್ರಾಂಟ್ 2013ರಲ್ಲಿ ಕಂಡುಕೊಂಡಂತೆ ಹೆಚ್ಚು ಮಾರಾಟ ಮಾಡುವವರು ವಾಚಾಳಿಗಳಲ್ಲ, ನಡುವಿನವರು. ಅದಕ್ಕೂ ಎರಡು ವರ್ಷ ಮೊದಲು ಪಿಜ್ಜಾ ಅಂಗಡಿಗಳನ್ನು ನೋಡಿದಾಗ, ಕೆಲಸಗಾರರೇ ಮುಂದೆ ಬಿದ್ದು ಸಲಹೆ ಕೊಡುವ ಕಡೆ ಮಿತಭಾಷಿ ಮ್ಯಾನೇಜರನ ಅಂಗಡಿಗೇ ಲಾಭ ಹೆಚ್ಚು.

ಇಲ್ಲಿ ನಮ್ಮದೇ ಒಂದು ಗಂಟಿದೆ. ಕೇನ್ ಅವರ ಪುಸ್ತಕಕ್ಕೆ ಅದು ಕಾಣುವಂತಿರಲಿಲ್ಲ. ಚಾಮರಾಜನಗರದಿಂದಲೋ ಸಿಂಧನೂರಿನಿಂದಲೋ ಬಂದ ಹುಡುಗ ಗ್ರೂಪ್ ಡಿಸ್ಕಷನ್ನಿನಲ್ಲಿ ತುಟಿ ಬಿಗಿದು ಕೂರುತ್ತಾನೆ. ಸಂಜೆ ಹಾಸ್ಟೆಲ್ಲಿನಲ್ಲಿ ಅವನ ಬಾಯಿಗೆ ಬೀಗವೇ ಇಲ್ಲ. ಅವನ ಮೌನ ಇಂಗ್ಲಿಷಿನದು. ಅವನಿಗೆ ‘ನೀನು ಇಂಟ್ರೋವರ್ಟ್, ಅದನ್ನು ಪ್ರೀತಿಸು’ ಎಂದು ಹೇಳುವುದು, ಜ್ವರದವನಿಗೆ ನಿನ್ನದು ಬೆಚ್ಚಗಿನ ಮೈ ಎಂದಂತೆ. ಮಾತಾಡುವ ಧೈರ್ಯ ಜಾತಿ, ವರ್ಗ, ಕಾನ್ವೆಂಟುಗಳ ಜೊತೆ ಹಂಚಿಕೆಯಾಗಿರುವ ಊರಿನಲ್ಲಿ ಎಲ್ಲ ಮೌನವನ್ನೂ ಸ್ವಭಾವದ ಖಾತೆಗೆ ಜಮಾ ಮಾಡಿದರೆ ಅನ್ಯಾಯಕ್ಕೆ ಮನಶ್ಶಾಸ್ತ್ರದ ಹೆಸರು ಕೊಟ್ಟಂತಾಗುತ್ತದೆ.

ಜಾಗದ ಪ್ರಶ್ನೆ

2007ರಲ್ಲಿ ಬಿಬಿಎಂಪಿ ತೆಕ್ಕೆಗೆ ಬರುವ ಮುಂಚೆ ಗೊಟ್ಟಿಗೆರೆ ಕೆರೆ, ತೋಟ, ರಾಗಿಹೊಲಗಳ ಹಳ್ಳಿ. ಈಗ ಒಂದು ಕಡೆ ನೈಸ್ ರಸ್ತೆ, ನಡುವೆ ಬನ್ನೇರುಘಟ್ಟ ರಸ್ತೆ, ಅದರ ನೆತ್ತಿಯ ಮೇಲೆ ನಾಗವಾರದ ಕಡೆಗೆ ಹೊರಡುವ ಮೆಟ್ರೊ ಗುಲಾಬಿ ಮಾರ್ಗದ ಕಂಬಗಳು. ರೆವಿನ್ಯೂ ಲೇಔಟುಗಳ ಟ್ವೆಂಟಿ-ಥರ್ಟಿ ಸೈಟಿನಲ್ಲಿ ಕೆಳಗೆ ಓನರ್ರು, ಮೇಲೆ ಎರಡೋ ಮೂರೋ ಬಾಡಿಗೆ ಮನೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಅತ್ತೆ ಹಾಲಿನಲ್ಲಿ ಸೀರಿಯಲ್ ನೋಡುತ್ತಾರೆ, ಮಗಳು ಒಳಗೆ ಟೆಸ್ಟಿಗೆ ಓದುತ್ತಾಳೆ, ಗಂಡ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಲ್‌ನಲ್ಲಿದ್ದಾನೆ. ಉಳಿದದ್ದು ತಾರಸಿ. ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ, ಒಣಹಾಕಿದ ಬೆಡ್‌ಶೀಟುಗಳ ಮರೆಯಲ್ಲಿ, ಯಾರೋ ಒಬ್ಬರು ಬಟ್ಟೆ ತೆಗೆಯುವ ನೆಪದಲ್ಲಿ ಹತ್ತು ನಿಮಿಷ ಹೆಚ್ಚು ನಿಂತಿರುತ್ತಾರೆ. ಆ ಹತ್ತು ನಿಮಿಷಕ್ಕೂ ಕೆಳಗಿನಿಂದ ಕೂಗು ಬರುತ್ತದೆ.

ಹಳೆಯ ತೊಟ್ಟಿಮನೆಯಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಅಲ್ಲಿ ಜಗಲಿ ಗಂಡಸರದು. ಹೆಂಗಸರಿಗೆ ಸಿಕ್ಕಿದ್ದು ಹಿತ್ತಲು, ಬಚ್ಚಲಿನ ಒಲೆಯ ಮುಂದಿನ ಜಾಗ, ನೀರು ಸೇದುವ ಹೊತ್ತು. ಬಿಡುವಿನ ಲೆಕ್ಕ ಇಂದಿಗೂ ಹಾಗೇ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ. ಆ ಕೆಲಸ ಮಾಡುವ ಗಂಡಸರು 97 ನಿಮಿಷ. ಅಂತರ್ಮುಖಿ ಹೆಂಗಸಿಗೂ ಬಹಿರ್ಮುಖಿ ಹೆಂಗಸಿಗೂ ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ನಗರ ಈ ಕೊರತೆಯನ್ನು ಸರಕು ಮಾಡಿಕೊಂಡಿದೆ. ಬಿಟಿಎಂ ಲೇಔಟಿನ ಪಿಜಿಗಳ ಬೋರ್ಡುಗಳಲ್ಲಿ ದರ ಏರುವುದು ಊಟದ ರುಚಿಗಲ್ಲ; ಫೋರ್ ಶೇರಿಂಗ್, ತ್ರೀ ಶೇರಿಂಗ್, ಡಬಲ್, ಸಿಂಗಲ್ ಎಂಬ ಮೆಟ್ಟಿಲುಗಳ ಮೇಲೆ. ಕೋಣೆಯಲ್ಲಿ ಒಂದೊಂದು ಉಸಿರು ಕಡಿಮೆಯಾದಂತೆ ಬಾಡಿಗೆ ಜಾಸ್ತಿ. ವಿಜಯನಗರ, ಅತ್ತಿಗುಪ್ಪೆಗಳಲ್ಲಿ ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುವವರಿಗೆ ತಿಂಗಳ ಲೆಕ್ಕದಲ್ಲಿ ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟು, ಸುತ್ತ ಒಂದಿಷ್ಟು ಮೌನ ಬಾಡಿಗೆಗೆ ಸಿಗುತ್ತದೆ. ದುಡ್ಡಿಲ್ಲದವರು ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ಸಿದ್ಧಲಿಂಗಯ್ಯ ತಮ್ಮ ಆತ್ಮಕತೆ ‘ಊರುಕೇರಿ’ಯಲ್ಲಿ ಬರೆದಿದ್ದಾರೆ. ದಲಿತ ಕೇರಿಯಿಂದ ಬಂದ ಆ ಹುಡುಗನಿಗೆ ಬೆಂಗಳೂರಿನಲ್ಲಿ ಓದಿಕೊಳ್ಳಲು ಸಿಕ್ಕ ನೆಮ್ಮದಿಯ ತಾಣ ಸ್ಮಶಾನ. ಕವಿಶೈಲ ಎಲ್ಲರ ಊರಲ್ಲೂ ಇರುವುದಿಲ್ಲ.

ಇನ್ನೊಂದು ಮುಖವೂ ಇದೆ, ಏಕಾಂತವನ್ನು ಹೊಗಳುವವರು ಅಷ್ಟಾಗಿ ನೋಡದ ಮುಖ. ಬೇಡದಿದ್ದರೂ ಹೇರಿದ ಒಂಟಿತನ. ತಿಂಗಳ ಮೂರು ದಿನ ‘ಹೊರಗೆ’ ಕೂರುವುದನ್ನು ಕೆಲವು ಹಿರಿಯ ಹೆಂಗಸರು ವಿಶ್ರಾಂತಿ ಎಂದೇ ನೆನೆಯುತ್ತಾರೆ. ಓದಿದೆ, ಮಲಗಿದೆ ಎನ್ನುತ್ತಾರೆ. ಅದೇ ಪದ್ಧತಿಯ ಕ್ರೂರ ತುದಿ 2023ರ ಜುಲೈನಲ್ಲಿ ಕಂಡಿತು. ತುಮಕೂರು ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಿನಲ್ಲಿ ಊರಾಚೆಯ ಗುಡಿಸಲಲ್ಲಿಟ್ಟಿದ್ದ ಬಾಣಂತಿಯ ಕೂಸು ತೀರಿಕೊಂಡಿತು. ಪ್ರಭುತ್ವವೂ ಒಂಟಿತನ ಹೇರುತ್ತದೆ: ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿತರಾದ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಸೆಂಟ್ರಲ್ ಜೈಲಿನ ಒಂಟಿ ಕೋಣೆಯಲ್ಲಿ ತಿಂಗಳುಗಟ್ಟಲೆ ಕಳೆದರು. ಆಸ್ತಮಾ ಉಲ್ಬಣಿಸಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಸತ್ತರು. ಆ ಜೈಲಿನ ಜಾಗವೇ ಇಂದಿನ ಫ್ರೀಡಂ ಪಾರ್ಕ್. ಊರಿನ ಧರಣಿಗಳ ಮೈಕುಗಳೆಲ್ಲ ಈಗ ಅಲ್ಲೇ.

ಹಾಗಾದರೆ ಒಳ್ಳೆಯ ಏಕಾಂತ ಯಾವುದು? ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1958ರಲ್ಲಿ ಕೊಟ್ಟ ಉತ್ತರ ನನಗೆ ಈ ಇಡೀ ಚರ್ಚೆಯಲ್ಲೇ ಅತ್ಯಂತ ಉಪಯುಕ್ತ ಅನಿಸಿದೆ. ಒಂಟಿಯಾಗಿರಬಲ್ಲ ಶಕ್ತಿ ಮಗುವಿಗೆ ಬರುವುದು ತಾಯಿ ಪಕ್ಕದಲ್ಲಿದ್ದಾಗಲೇ. ಅವಳು ಅಲ್ಲಿದ್ದಾಳೆ, ಏನನ್ನೂ ಕೇಳುತ್ತಿಲ್ಲ ಎಂಬ ಭರವಸೆಯಲ್ಲಿ ಮಗು ತನ್ನ ಆಟದಲ್ಲಿ ಮುಳುಗುತ್ತದೆ. ಅಕ್ಕಿ ಆರಿಸುವ ಅಜ್ಜಿಯ ಪಕ್ಕ ಮಾತಿಲ್ಲದೆ ಮಧ್ಯಾಹ್ನ ಕಳೆದವರಿಗೆಲ್ಲ ಇದು ಗೊತ್ತು. 2023ರ ಆರಂಭದ ಹೊತ್ತಿಗೆ ಬೆಂಗಳೂರಿನಲ್ಲಿ ಹೆಸರಾದ ‘ಕಬ್ಬನ್ ರೀಡ್ಸ್’ ಗೆದ್ದದ್ದೂ ಈ ಗುಟ್ಟಿನಿಂದಲೇ ಇರಬೇಕು. ಶನಿವಾರ ಪಾರ್ಕಿಗೆ ಬಂದು, ಚಾಪೆ ಹಾಸಿ, ಯಾರೊಡನೆಯೂ ಮಾತಾಡದೆ, ಎಲ್ಲರ ನಡುವೆ ತಮ್ಮ ಪುಸ್ತಕ ತಾವು ಓದುವುದು. ಪರಿಚಯ ಮಾಡಿಕೊಳ್ಳಿ ಎಂಬ ಒತ್ತಾಯವಿಲ್ಲ. ಇದನ್ನು ನೋಡಿ ದೇಶದ, ಹೊರದೇಶದ ಎಷ್ಟೋ ಊರುಗಳಲ್ಲಿ ಇಂಥ ಕೂಟಗಳು ಹುಟ್ಟಿದವು.

ವಿರುದ್ಧ ಸಾಕ್ಷ್ಯವನ್ನೂ ಹೇಳಬೇಕು. 2014ರಲ್ಲಿ ಟಿಮತಿ ವಿಲ್ಸನ್ ಅಮೆರಿಕದ ವಿದ್ಯಾರ್ಥಿಗಳನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ತಮ್ಮ ಯೋಚನೆಯ ಜೊತೆ ಕೂರಿಸಿದರು. ಬೇಕಿದ್ದರೆ ಒತ್ತಿಕೊಳ್ಳಲು ಸಣ್ಣ ಕರೆಂಟ್ ಶಾಕಿನ ಗುಂಡಿ ಇತ್ತು. 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒತ್ತಿಕೊಂಡರು. ಜಾಗ ಕೊಟ್ಟರೂ ಕೂರಲು ಬರಬೇಕಲ್ಲ.

ಒಂಟಿತನದ ಎಚ್ಚರಿಕೆ

ನಾಲ್ಕನೆಯ ಪಂಥ ವೈದ್ಯರದು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿ 2023ರಲ್ಲಿ ಒಂಟಿತನವನ್ನು ಸಾಂಕ್ರಾಮಿಕ ಎಂದು ಘೋಷಿಸಿ ವರದಿ ಹೊರಡಿಸಿದರು. ಒಂಟಿತನ ದಿನಕ್ಕೆ 15 ಸಿಗರೇಟು ಸೇದಿದಷ್ಟು ಅಪಾಯ ಎಂಬ ಹೋಲಿಕೆ ಆ ವರದಿಯಲ್ಲಿದೆ. ಜಗತ್ತಿನಲ್ಲಿ ಆರಕ್ಕೊಬ್ಬರು ಒಂಟಿತನದಿಂದ ಬಳಲುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿತು. ಮೂರ್ತಿಯವರು ಆಗ ಅದರ ಸಹ ಅಧ್ಯಕ್ಷರಾಗಿದ್ದರು. ಮೌನದ ಪರ ವಕೀಲರು ಇದಕ್ಕೆ ‘ನಾವು ಹೇಳುತ್ತಿರುವುದು ಏಕಾಂತ, ಒಂಟಿತನವಲ್ಲ’ ಎಂದು ತಪ್ಪಿಸಿಕೊಳ್ಳುತ್ತಾರೆ. ಪೂರ್ತಿ ತಪ್ಪಿಸಿಕೊಳ್ಳಲಾಗದು. 2020ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಅಂತರ್ಮುಖಿಗಳು ಸರಾಸರಿಯಲ್ಲಿ ಹೆಚ್ಚು ಒಂಟಿತನ ಹೇಳಿಕೊಂಡಿದ್ದರು.

ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಬಹುಪಾಲು ಜನ ಚಿಕಿತ್ಸೆಗೇ ಹೋಗಿರಲಿಲ್ಲ. ‘ಅವನು ಮೊದಲಿಂದಲೂ ಹಾಗೇ, ಸೈಲೆಂಟು’ ಎಂಬ ಮಾತು ಚಿಕಿತ್ಸೆಗೆ ಅಡ್ಡ ಬರುವುದುಂಟು. ಸ್ವಭಾವಕ್ಕೂ ಸಮಾಜಭೀತಿಗೂ ನಡುವಿನ ಗೆರೆ ಒಂದು ಸಾದಾ ಪ್ರಶ್ನೆಯಲ್ಲಿದೆ: ಮದುವೆಮನೆಗೆ ಹೋಗಬೇಕು ಅನಿಸುತ್ತದೆಯೇ? ‘ಅನಿಸಲ್ಲ, ಮನೇಲೇ ಚೆನ್ನಾಗಿದೆ’ ಎನ್ನುವವನನ್ನು ಬಿಟ್ಟುಬಿಡಬಹುದು. ‘ಅನಿಸುತ್ತೆ, ಆದರೆ ಬಾಗಿಲ ಹತ್ತಿರ ಹೋದರೆ ಎದೆ ಹೊಡೆದುಕೊಳ್ಳುತ್ತೆ’ ಎನ್ನುವವನಿಗೆ ನೆರವು ಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೂ ಇತ್ಯರ್ಥವಾಗದ್ದು

ಅಳತೆಗೋಲೇ ಸರಿಯಿದೆಯೇ ಎಂಬುದು ಮೊದಲ ತಕರಾರು. ಬೊಲಿವಿಯಾದ ಸಿಮಾನೆ ಬುಡಕಟ್ಟಿನಲ್ಲಿ 2013ರಲ್ಲಿ ಪರೀಕ್ಷಿಸಿದಾಗ ವ್ಯಕ್ತಿತ್ವದ ಐದು ಮುಖಗಳೆಂಬ ಹೆಸರಾಂತ ಮಾದರಿ ಅಲ್ಲಿ ಹೊಂದಲಿಲ್ಲ. ಪಾರ್ಟಿಗಳಲ್ಲಿ ನೀವು ಹೇಗಿರುತ್ತೀರಿ ಎಂದು ಕೇಳುವ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿ ಮಳವಳ್ಳಿಯ ರೈತನ ಕೈಗೆ ಕೊಟ್ಟರೆ ಅವನು ಯಾವ ಪಾರ್ಟಿ ಎಂದು ಕೇಳುವುದು ಸಹಜ.

ಅಂತರ್ಮುಖಿ ಬಲವಂತಕ್ಕೆ ಬೆರೆತರೆ ಒಳ್ಳೆಯದೋ ಕೆಟ್ಟದ್ದೋ ಎಂಬುದೂ ತೂಗುಯ್ಯಾಲೆಯಲ್ಲಿದೆ. ಹಾಗೆ ನಟಿಸಿದರೂ ಖುಷಿ ಬರುತ್ತದೆ ಎಂದರು ಫ್ಲೀಸನ್. 2019ರಲ್ಲಿ ಮೆಲ್ಬರ್ನಿನ ತಂಡವೊಂದು ಒಂದು ವಾರ ಹಾಗೆ ಮಾಡಿಸಿ ನೋಡಿದಾಗ, ತೀರಾ ಅಂತರ್ಮುಖಿಗಳಿಗೆ ಲಾಭ ಕಡಿಮೆ, ದಣಿವು ಹೆಚ್ಚು. ಪೋಷಕರ ಸಭೆಯ ಸಲಹೆ ಸರಿಯೇ ತಪ್ಪೇ ಎಂಬುದು ಹೀಗೆ ಯಾವ ಮಗು, ಎಷ್ಟು ದಿನ ಎಂಬಲ್ಲಿಗೆ ಬಂದು ನಿಂತಿದೆ.

ಮೊಬೈಲ್ ಹಿಡಿದು ಬಾಗಿಲು ಹಾಕಿಕೊಂಡ ಹುಡುಗ ಏಕಾಂತದಲ್ಲಿದ್ದಾನೋ ಜಾತ್ರೆಯಲ್ಲಿದ್ದಾನೋ? ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನ ವ್ಯಸನಕ್ಕೆಂದು ‘ಶಟ್’ ಕ್ಲಿನಿಕ್ ತೆರೆದಿತ್ತು. ಈ ಪ್ರಶ್ನೆಗೆ ಒಪ್ಪಿತ ಉತ್ತರ ಇನ್ನೂ ಬಂದಿಲ್ಲ. ವಿಲ್ಸನ್ ಪ್ರಯೋಗದ ಶಾಕ್ ಗುಂಡಿ ಈಗ ಎಲ್ಲರ ಜೇಬಿನಲ್ಲಿದೆ ಎನ್ನುವವರೂ ಇದ್ದಾರೆ, ಸಂಕೋಚದವರಿಗೆ ಬೆರೆಯಲು ಸಿಕ್ಕ ಮೊದಲ ಜಗಲಿ ಅದೇ ಎನ್ನುವವರೂ ಇದ್ದಾರೆ.

ಕಾನೂನು ಕೊಡಿಸುವ ಮೌನ ಎಷ್ಟು ದೂರ ಬರುತ್ತದೆ ಎಂಬುದೂ ತೀರ್ಮಾನವಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಬನ್ನೇರುಘಟ್ಟ ರಸ್ತೆಯ ಬದಿಯ ಮನೆಗೆ ಇದು ಕಾಗದದ ಮಾತು. ಹೊರಗಿನ ಸದ್ದಿಗೆ ಕಾಗದದ ಮೇಲಾದರೂ ಮಿತಿಯಿದೆ. ಒಳಗಿನ ಇಕ್ಕಟ್ಟಿಗೆ ಅದೂ ಇಲ್ಲ. ಜನಗಣತಿಯವರು ಮನೆಗೆ ಬಂದು ಎಷ್ಟು ಕೋಣೆ, ಎಷ್ಟು ದಂಪತಿಗಳು ಎಂದು ಬರೆದುಕೊಳ್ಳುತ್ತಾರೆ. ಆ ಕೋಣೆಯ ಬಾಗಿಲನ್ನು ದಿನದಲ್ಲಿ ಅರ್ಧ ಗಂಟೆ ಯಾರು ಹಾಕಿಕೊಳ್ಳಬಹುದು, ಯಾರು ಹಾಕಿಕೊಂಡರೆ ಹೊರಗಿನಿಂದ ತಟ್ಟುತ್ತಾರೆ ಎಂಬ ಕಾಲಂ ಆ ನಮೂನೆಯಲ್ಲಿಲ್ಲ.